ಮೈಸೂರಿನಲ್ಲಿ ಕುಳಿತು ಅಮೆರಿಕವನ್ನು ಓದಿದ ಮೇಷ್ಟರು: ಸಿ.ಡಿ.ಎನ್. ಮತ್ತು ನಮ್ಮ ಓದು



ಕಳೆದ ವಾರ ನಮ್ಮ ಮನೆಯ ಊಟದ ಮೇಜಿನ ಮೇಲೆ ಥೋರೋನ 'ವಾಲ್ಡನ್' ಬಿದ್ದಿತ್ತು. ಹನ್ನೊಂದನೇ ತರಗತಿಯ ಮಗಳ ಶಾಲೆಯ ಪುಸ್ತಕ. ಈ ದೇಶದ ಶಾಲೆಗಳಲ್ಲಿ ಹನ್ನೊಂದನೇ ತರಗತಿಯ ಇಂಗ್ಲಿಷ್ ಅಂದರೆ ಸಾಮಾನ್ಯವಾಗಿ ಅಮೆರಿಕನ್ ಸಾಹಿತ್ಯ ಅಂತಲೇ ಅರ್ಥ. "ಅಪ್ಪಾ, ಇವನು ಕೆರೆ ದಂಡೆ ಮೇಲೆ ಕೂತು ಭಗವದ್ಗೀತೆ ಓದ್ತಾನಂತೆ. ನೀನು ಓದಿದೀಯಾ?" ಅಂತ ಕೇಳಿದಳು. ಗೀತೆಯನ್ನು ಕೇಳುತ್ತಿದ್ದಾಳೋ, 'ವಾಲ್ಡನ್' ಬಗ್ಗೆ ಕೇಳುತ್ತಿದ್ದಾಳೋ ನಮಗೆ ತಿಳಿಯಲಿಲ್ಲ. ನಿಜ ಹೇಳಬೇಕೆಂದರೆ ಎರಡಕ್ಕೂ ನಮ್ಮ ಉತ್ತರ ಹೆಚ್ಚುಕಡಿಮೆ ಒಂದೇ ಆಗಿತ್ತು.

ನಾವು ಓದಿದ್ದು ಎಂಜಿನಿಯರಿಂಗು, ಆಮೇಲೆ ಕಂಪ್ಯೂಟರಿನಲ್ಲಿ ಮಾಸ್ಟರ್ಸ್. ಈ ನೆಲಕ್ಕೆ ಬಂದು ಇಷ್ಟು ವರ್ಷವಾದರೂ ಇಲ್ಲಿನ ಸಾಹಿತ್ಯ ನಮ್ಮದಲ್ಲ ಎಂಬಂತೆಯೇ ಇದ್ದೇವೆ. ತಿಂಗಳಿಗೊಮ್ಮೆ ಸೇರಿದಾಗ ಕುವೆಂಪು, ಬೇಂದ್ರೆ, ಕಾರಂತರನ್ನು ಓದುತ್ತೇವೆ, ಸಂತೋಷ. ಪಕ್ಕದ ಕೋಣೆಯಲ್ಲಿ ನಮ್ಮ ಮಕ್ಕಳು ಎಮರ್ಸನ್, ಮಾರ್ಕ್ ಟ್ವೈನ್ ಓದುತ್ತಿರುತ್ತಾರೆ. ನಡುವೆ ಒಂದು ಗೋಡೆ. ಆ ಗೋಡೆಯಲ್ಲಿ ಬಹಳ ಹಿಂದೆಯೇ ಒಂದು ಬಾಗಿಲು ಕೊರೆದಿಟ್ಟ ಕನ್ನಡಿಗರೊಬ್ಬರ ಬಗ್ಗೆ ಈ ಸಲ ಬರೆಯೋಣ ಅನ್ನಿಸಿತು. ಅವರು ಪ್ರೊಫೆಸರ್ ಸಿ. ಡಿ. ನರಸಿಂಹಯ್ಯ. ಮೈಸೂರಿನವರ ಬಾಯಲ್ಲಿ ಬರಿಯ ಸಿ.ಡಿ.ಎನ್. ಹೊಗಳಿ ಮುಗಿಸುವ ಉದ್ದೇಶ ನಮಗಿಲ್ಲ. ಅವರು ತೆರೆದ ಬಾಗಿಲು ಎಲ್ಲಿಗೆ ಕರೆದೊಯ್ದಿತು, ಎಲ್ಲಿ ನಿಂತಿತು, ಎರಡನ್ನೂ ನೋಡಬೇಕು.

ಸಿ.ಡಿ.ಎನ್. ಹುಟ್ಟಿದ್ದು 1921ರಲ್ಲಿ. ಹೆಸರಿನ ಮೊದಲಕ್ಷರ ಕ್ಲೋಸ್‌ಪೇಟೆಯದು, ಅಂದರೆ ಇವತ್ತಿನ ರಾಮನಗರ. ಓದಿದ್ದು ಮೈಸೂರಿನಲ್ಲಿ, ಅನಂತರ ಕೇಂಬ್ರಿಜ್‌ನಲ್ಲಿ. ಕೇಂಬ್ರಿಜ್‌ನಲ್ಲಿ ಅವರ ಮೇಲೆ ಗಾಢ ಪ್ರಭಾವ ಬೀರಿದವರು ಎಫ್. ಆರ್. ಲೀವಿಸ್. ಕೃತಿಯನ್ನು ಪದಪದವಾಗಿ ಓದಬೇಕು, ಇದು ಒಳ್ಳೆಯದು ಇದು ಅಲ್ಲ ಎಂದು ಹೇಳುವ ಧೈರ್ಯ ವಿಮರ್ಶಕನಿಗಿರಬೇಕು ಎಂಬ ಶಿಸ್ತು ಅಲ್ಲಿಂದ ಬಂತು. ಅಲ್ಲಿಂದ ರಾಕ್‌ಫೆಲರ್ ಫೆಲೋಶಿಪ್ ಮೇಲೆ ಪ್ರಿನ್ಸ್‌ಟನ್ನಿಗೆ ಬಂದರು. ಆ ಕಾಲದಲ್ಲಿ ಅಲ್ಲಿ ಪಾಠ ಹೇಳುತ್ತಿದ್ದವರಲ್ಲಿ ಆರ್. ಪಿ. ಬ್ಲಾಕ್‌ಮರ್ ಅವರಂಥ ವಿಮರ್ಶಕರಿದ್ದರು. ಊರಿಗೆ ಮರಳಿ ಮಹಾರಾಜ ಕಾಲೇಜಿನಲ್ಲಿ ಮೇಷ್ಟರಾದರು, ಮುಂದೆ ಪ್ರಿನ್ಸಿಪಾಲರೂ ಆದರು. 1952ರಲ್ಲಿ 'ದಿ ಲಿಟರರಿ ಕ್ರೈಟೀರಿಯನ್' ಎಂಬ ವಿಮರ್ಶಾ ಪತ್ರಿಕೆ ಶುರು ಮಾಡಿದರು. 1979ರಲ್ಲಿ ಮೈಸೂರಿನ ಬೋಗಾದಿ ರಸ್ತೆಯಲ್ಲಿ 'ಧ್ವನ್ಯಾಲೋಕ' ಕಟ್ಟಿದರು. 1990ರಲ್ಲಿ ಪದ್ಮಭೂಷಣ ಬಂತು. 2005ರಲ್ಲಿ ತೀರಿಕೊಂಡರು. ಆತ್ಮಕಥೆಗೆ ಇಟ್ಟ ಹೆಸರು 'ಎನ್ ಫಾರ್ ನೋಬಡಿ'. ಅದರ ಉಪಶೀರ್ಷಿಕೆಯಲ್ಲಿ ತಮ್ಮನ್ನು ಕರೆದುಕೊಂಡದ್ದು ಒಬ್ಬ ಇಂಗ್ಲಿಷ್ ಮೇಷ್ಟರೆಂದು ಮಾತ್ರ. ಇಷ್ಟೆಲ್ಲ ಮಾಡಿದ ಮೇಲೂ 'ಯಾರೂ ಅಲ್ಲದವನು' ಅನ್ನಿಸಿಕೊಳ್ಳುವುದರಲ್ಲಿ ವಿನಯವೂ ಇದೆ, ಸ್ವಲ್ಪ ಠೀವಿಯೂ ಇದೆ ಅನ್ನಿ.

ಈಗ ಮುಖ್ಯ ಪ್ರಶ್ನೆ. ಕೇಂಬ್ರಿಜ್‌ನಲ್ಲಿ ಓದಿ ಬಂದವರು ಶೇಕ್ಸ್‌ಪಿಯರ್, ವರ್ಡ್ಸ್‌ವರ್ತ್ ಹೇಳಿಕೊಂಡು ಆರಾಮವಾಗಿ ಇರಬಹುದಿತ್ತಲ್ಲ? ಅಮೆರಿಕದ ಸಾಹಿತ್ಯ ಯಾಕೆ ಬೇಕಾಯಿತು?

ಆ ಕಾಲವನ್ನು ಸ್ವಲ್ಪ ನೆನೆಸಿಕೊಳ್ಳಬೇಕು. 1947ರಲ್ಲಿ ಬ್ರಿಟಿಷರು ಹೋದರು, ಆದರೆ ಅವರ ಸಿಲೆಬಸ್ ಹೋಗಲಿಲ್ಲ. ನಮ್ಮ ವಿಶ್ವವಿದ್ಯಾಲಯಗಳಲ್ಲಿ ಇಂಗ್ಲಿಷ್ ಎಂ.ಎ. ಅಂದರೆ ಚಾಸರ್‌ನಿಂದ ಹೊರಟು ವಿಕ್ಟೋರಿಯ ರಾಣಿಯ ಕಾಲಕ್ಕೆ ಬಂದು ನಿಲ್ಲುವ ಪ್ರಯಾಣ. ಅಮೆರಿಕನ್ ಸಾಹಿತ್ಯವೆಂದರೆ ಇಂಗ್ಲಿಷ್ ಸಾಹಿತ್ಯದ ಹಿತ್ತಲಿನ ಚಪ್ಪರ. ತಮಾಷೆಯೆಂದರೆ ಅಮೆರಿಕದವರೇ ಬಹಳ ಕಾಲ ಹಾಗೇ ತಿಳಿದಿದ್ದರು. 'ಮೋಬಿ ಡಿಕ್' ಬರೆದ ಮೆಲ್ವಿಲ್ 1891ರಲ್ಲಿ ಸತ್ತಾಗ ಅವನನ್ನು ನೆನಪಿಟ್ಟವರೇ ಕಡಿಮೆ. ಮತ್ತೆ ಅವನ ಹೆಸರು ಮೇಲೆದ್ದದ್ದು 1920ರ ದಶಕದಲ್ಲಿ. ಎಮರ್ಸನ್, ಥೋರೋ, ಹಾಥಾರ್ನ್, ಮೆಲ್ವಿಲ್, ವಿಟ್ಮನ್ ಐವರನ್ನೂ ಒಟ್ಟಿಗಿಟ್ಟು 'ಅಮೆರಿಕನ್ ರಿನೈಸಾನ್ಸ್' ಎಂದು ಮ್ಯಾಥಿಸನ್ ಬರೆದದ್ದು 1941ರಲ್ಲಿ. ಸಿ.ಡಿ.ಎನ್. ಇಲ್ಲಿಗೆ ಬರುವ ಹೊತ್ತಿಗೆ ಆ ಪುಸ್ತಕಕ್ಕೆ ಹತ್ತು ವರ್ಷವೂ ತುಂಬಿರಲಿಲ್ಲ. ಅಂದರೆ ಅವರು ಬಂದಾಗ ಈ ದೇಶವೇ ತನ್ನ ಸಾಹಿತ್ಯವನ್ನು ತನ್ನದು ಅಂತ ಹೇಳಿಕೊಳ್ಳಲು ಆಗತಾನೇ ಕಲಿತಿತ್ತು.

ಇಲ್ಲಿ ನಮ್ಮ ವಾದ ಇಷ್ಟು: ಸಿ.ಡಿ.ಎನ್. ಅಮೆರಿಕನ್ ಸಾಹಿತ್ಯದಲ್ಲಿ ಕಂಡದ್ದು ಅಮೆರಿಕವನ್ನು ಮಾತ್ರವಲ್ಲ, ಒಂದು ದಾರಿಯನ್ನು. ಇಂಗ್ಲೆಂಡಿನ ವಸಾಹತಾಗಿದ್ದ ದೇಶ, ಇಂಗ್ಲೆಂಡಿನ ಭಾಷೆಯಲ್ಲೇ ಬರೆಯುತ್ತ, ಇಂಗ್ಲೆಂಡಿನ ನೆರಳಿನಿಂದ ಹೊರಬಂದದ್ದು ಹೇಗೆ? ಎಮರ್ಸನ್ 1837ರಲ್ಲಿ ಹಾರ್ವರ್ಡಿನಲ್ಲಿ 'ದಿ ಅಮೆರಿಕನ್ ಸ್ಕಾಲರ್' ಎಂಬ ಭಾಷಣ ಮಾಡಿದ. ಯೂರೋಪಿನ ವಿದ್ಯೆಗೆ ಬಹುಕಾಲ ಶಿಷ್ಯವೃತ್ತಿ ಮಾಡಿದ್ದಾಯಿತು, ಇನ್ನು ಸಾಕು ಎನ್ನುವುದು ಅದರ ತಿರುಳು. ರಾಜಕೀಯ ಸ್ವಾತಂತ್ರ್ಯ ಬಂದು ಅರವತ್ತೊಂದು ವರ್ಷವಾದ ಮೇಲೆ ಆಡಿದ ಮಾತು ಅದು. ಸ್ವಾತಂತ್ರ್ಯ ಬಂದ ಕೆಲವೇ ವರ್ಷಗಳಲ್ಲಿ ಮೈಸೂರಿನ ಮೇಷ್ಟರೊಬ್ಬರು ಅದೇ ಪ್ರಶ್ನೆ ಎತ್ತಿಕೊಂಡದ್ದು ಸಣ್ಣ ವಿಷಯವಲ್ಲ.

ಅವರು ಆ ಪ್ರಶ್ನೆಯನ್ನು ತರಗತಿಗೆ ತಂದರು, ಪುಸ್ತಕಕ್ಕೂ ತಂದರು. ಅವರ ಸಂಪಾದಕತ್ವದಲ್ಲಿ 1967ರಲ್ಲಿ 'ಇಂಡಿಯನ್ ರೆಸ್ಪಾನ್ಸ್ ಟು ಅಮೆರಿಕನ್ ಲಿಟರೇಚರ್', 1972ರಲ್ಲಿ 'ಏಷ್ಯನ್ ರೆಸ್ಪಾನ್ಸ್ ಟು ಅಮೆರಿಕನ್ ಲಿಟರೇಚರ್' ಬಂದವು. ಎರಡೂ ಹೆಸರುಗಳಲ್ಲಿರುವ ಸಮಾನ ಪದ ಗಮನಿಸಿ: ರೆಸ್ಪಾನ್ಸ್, ಪ್ರತಿಸ್ಪಂದನ. ಅಮೆರಿಕದವರು ತಮ್ಮ ಸಾಹಿತ್ಯದ ಬಗ್ಗೆ ಏನು ಹೇಳಿದ್ದಾರೋ ಅದನ್ನು ಉರು ಹೊಡೆದು ಒಪ್ಪಿಸುವುದಲ್ಲ. ನಾವು ಇಲ್ಲಿ, ಈ ಬಿಸಿಲಲ್ಲಿ, ಈ ಸಂಸ್ಕಾರದಲ್ಲಿ ನಿಂತು ಓದಿದರೆ ನಮಗೆ ಏನು ಕಾಣುತ್ತದೆ ಅಂತ ಹೇಳುವುದು. ಇವತ್ತು ಇದು ಸಾಮಾನ್ಯ ಮಾತೆನಿಸಬಹುದು. ಅಂದಿಗೆ ಅದು ದೊಡ್ಡ ಎದೆಗಾರಿಕೆ.

ಒಂದು ಉದಾಹರಣೆ ನಮ್ಮದೇ ಕೊಡುತ್ತೇವೆ, ಮತ್ತೆ ಮೇಜಿನ ಮೇಲಿನ 'ವಾಲ್ಡನ್'ಗೇ ಹೋಗಿ. ಚಳಿಗಾಲದಲ್ಲಿ ಕೂಲಿಗಳು ಬಂದು ವಾಲ್ಡನ್ ಕೆರೆಯ ಮಂಜುಗಡ್ಡೆಯನ್ನು ಕೊಯ್ದು ಸಾಗಿಸುವ ಚಿತ್ರ ಅದರಲ್ಲಿದೆ. ಆ ಕಾಲಕ್ಕೆ ನ್ಯೂ ಇಂಗ್ಲೆಂಡಿನ ಮಂಜುಗಡ್ಡೆ ಹಡಗಿನಲ್ಲಿ ಕಲ್ಕತ್ತ, ಮದರಾಸು, ಬೊಂಬಾಯಿಗೆ ಹೋಗುತ್ತಿತ್ತು. ಬಾಸ್ಟನ್ನಿನ ವ್ಯಾಪಾರಿ ಟ್ಯೂಡರ್ ಕಲ್ಕತ್ತಕ್ಕೆ ಮೊದಲ ಹಡಗು ಕಳಿಸಿದ್ದು 1833ರಲ್ಲಿ. ಮದರಾಸಿನಲ್ಲಿ ಆ ಗಡ್ಡೆ ಇಡಲು ಕಟ್ಟಿದ ಐಸ್ ಹೌಸ್ ಇವತ್ತಿಗೂ ಕಡಲ ದಂಡೆಯಲ್ಲಿ ನಿಂತಿದೆ. ಅಮೆರಿಕದಿಂದ ಮರಳಿದ ವಿವೇಕಾನಂದರು 1897ರಲ್ಲಿ ಉಳಿದುಕೊಂಡದ್ದೂ ಅದೇ ಕಟ್ಟಡದಲ್ಲಿ. ತನ್ನ ಕೆರೆಯ ನೀರು ಗಂಗೆಯ ನೀರಿಗೆ ಬೆರೆಯುತ್ತದೆ ಎಂದು ಥೋರೋ ಬರೆದಾಗ ಅದರಲ್ಲಿ ಕಾವ್ಯ ಎಷ್ಟಿದೆಯೋ ವ್ಯಾಪಾರವೂ ಅಷ್ಟೇ ಇದೆ. ಇಲ್ಲಿನ ತರಗತಿಯಲ್ಲಿ 'ವಾಲ್ಡನ್' ಅಂದರೆ ಸ್ವಾವಲಂಬನೆ, ನಿಸರ್ಗ. ಗಂಗೆಯ ಕಡೆಯಿಂದ ಓದುವವನಿಗೆ ಮಾತ್ರ ಆ ಮಂಜುಗಡ್ಡೆ ಯಾರ ಲೋಟಕ್ಕೆ ಬಿತ್ತು ಅನ್ನುವ ಪ್ರಶ್ನೆ ಹುಟ್ಟುತ್ತದೆ. ಬಿದ್ದದ್ದು ಹೆಚ್ಚಾಗಿ ಕಂಪನಿ ದೊರೆಗಳ ಲೋಟಕ್ಕೇ. ಪ್ರತಿಸ್ಪಂದನ ಅಂದರೆ ಇದು.

ಅಮೆರಿಕದಲ್ಲಿ ಕಂಡ ದಾರಿ ಸಿ.ಡಿ.ಎನ್. ಅವರನ್ನು ತಿರುಗಿ ಮನೆಗೇ ತಂದಿತು. 1969ರಲ್ಲಿ ಶಿಮ್ಲಾದ ಉನ್ನತ ಅಧ್ಯಯನ ಸಂಸ್ಥೆಯಿಂದ ಬಂದ 'ದಿ ಸ್ವಾನ್ ಅಂಡ್ ದಿ ಈಗಲ್' ಭಾರತೀಯರ ಇಂಗ್ಲಿಷ್ ಬರವಣಿಗೆಯನ್ನು ಗಂಭೀರವಾಗಿ ತೂಗಿ ನೋಡಿದ ಮೊದಮೊದಲ ಪುಸ್ತಕಗಳಲ್ಲಿ ಒಂದು. ಅರವಿಂದರು, ನೆಹರೂ, ಮುಲ್ಕ್ ರಾಜ್ ಆನಂದ್, ಆರ್. ಕೆ. ನಾರಾಯಣ್, ರಾಜಾರಾವ್ ಎಲ್ಲ ಅಲ್ಲಿದ್ದಾರೆ. 1973ರಲ್ಲಿ ರಾಜಾರಾವ್ ಅವರ ಬಗ್ಗೆಯೇ ಬೇರೆ ಪುಸ್ತಕ ಬರೆದರು.

ರಾಜಾರಾವ್ ಹೆಸರು ಬಂದ ಮೇಲೆ ನಾವು ಲಿಯಾಂಡರಿನವರು ಸುಮ್ಮನಿರಲಾಗುವುದಿಲ್ಲ. ಹಾಸನದಲ್ಲಿ 1908ರಲ್ಲಿ ಹುಟ್ಟಿ, ಮೊದಲು 'ಜಯ ಕರ್ನಾಟಕ' ಪತ್ರಿಕೆಗೆ ಕನ್ನಡದಲ್ಲಿ ಬರೆದ ಇವರು 1966ರಿಂದ 1980ರವರೆಗೆ ಆಸ್ಟಿನ್ನಿನ ಟೆಕ್ಸಸ್ ವಿಶ್ವವಿದ್ಯಾಲಯದಲ್ಲಿ ತತ್ತ್ವಶಾಸ್ತ್ರ ಹೇಳಿದರು. 2006ರ ಜುಲೈ 8ರಂದು ಆಸ್ಟಿನ್ನಿನಲ್ಲೇ ತೀರಿಕೊಂಡರು. 2010ರಲ್ಲಿ ಶುರುವಾದ ರೆಡ್ ಲೈನ್ ರೈಲು ನಮ್ಮೂರಿನಿಂದ ಹೊರಟು ಹೋಗುವುದು ಅವರು ಕೊನೆಯವರೆಗೆ ಬಾಳಿದ ಊರಿಗೇ. ಡಲ್ಲಾಸ್, ಹ್ಯೂಸ್ಟನ್ ಮಿತ್ರರು ಬಂದಾಗ ನಾವು ಅವರಿಗೆ ಕ್ಯಾಪಿಟಲ್ ತೋರಿಸುತ್ತೇವೆ, ಸಂಜೆ ಬಾವಲಿ ಹಾರುವ ಸೇತುವೆ ತೋರಿಸುತ್ತೇವೆ. ಹಾಸನದ ಒಬ್ಬ ಮನುಷ್ಯ ಇಲ್ಲಿ ನಾಲ್ಕು ದಶಕ ಇದ್ದರು ಅಂತ ಎಷ್ಟು ಜನಕ್ಕೆ ಹೇಳಿದ್ದೇವೆ?

'ಕಾಂತಾಪುರ' 1938ರಲ್ಲಿ ಬಂತು. ಕತೆ ಹೇಳುವವಳು ಅಚ್ಚಕ್ಕ, ಹಳ್ಳಿಯ ಮುದುಕಿ. ಅವಳ ಇಂಗ್ಲಿಷು ನಮ್ಮ ಅಜ್ಜಿಯರು ಜಗುಲಿಯ ಮೇಲೆ ಕೂತು ಉಸಿರು ಬಿಡದೆ ಮಾತಾಡುವ ಧಾಟಿಯದು. ಕಾದಂಬರಿ ಸ್ಥಳಪುರಾಣದ, ಹರಿಕಥೆಯ ರೀತಿಯಲ್ಲಿ ನಡೆಯುತ್ತದೆ. ಇದನ್ನು ದೋಷವೆನ್ನದೆ ಗುಣವೆಂದು ಗುರುತಿಸಿದವರಲ್ಲಿ ಸಿ.ಡಿ.ಎನ್. ಮುಖ್ಯರು. ಮಾರ್ಕ್ ಟ್ವೈನ್ ಹಕಲ್‌ಬೆರಿ ಫಿನ್ ಎಂಬ ಪೋರನ ಬಾಯಲ್ಲಿ ಮಿಸಿಸಿಪಿ ದಂಡೆಯ ಮಾತನ್ನು ಹಾಗೇ ಇಟ್ಟು ಲಂಡನ್ನಿನ ಇಂಗ್ಲಿಷಿಗೆ ಬೆನ್ನು ಹಾಕಿದ್ದನ್ನು ಮೆಚ್ಚಿದ ಕಿವಿಗೇ ಅಚ್ಚಕ್ಕನ ಮಾತು ಸಲೀಸಾಗಿ ಕೇಳಿಸೀತು ಅನ್ನಿಸುತ್ತದೆ ನಮಗೆ. ಬರೀ ಆಕ್ಸ್‌ಫರ್ಡ್ ಇಂಗ್ಲಿಷ್ ಕೇಳಿ ಬೆಳೆದ ಕಿವಿಗೆ ಅದು ತಪ್ಪಾಗಿಯೇ ಕೇಳಿಸುತ್ತಿತ್ತು.

ಇಲ್ಲಿಯವರೆಗೆ ನಮಗೆ ತಕರಾರಿಲ್ಲ. ಮುಂದೆ ಎರಡು ಪ್ರಶ್ನೆಗಳಿವೆ.

ಮೊದಲನೆಯದು ಕನ್ನಡದ್ದು. ಮೈಸೂರಿನ ಇಂಗ್ಲಿಷ್ ಮೇಷ್ಟರುಗಳಿಗೆ ಒಂದು ದೊಡ್ಡ ಪರಂಪರೆ ಇದೆ. ಬಿ.ಎಂ.ಶ್ರೀ. ಇಂಗ್ಲಿಷ್ ಪಾಠ ಹೇಳುತ್ತ 'ಇಂಗ್ಲಿಷ್ ಗೀತಗಳು' ಬರೆದು ಕನ್ನಡ ಕಾವ್ಯದ ದಿಕ್ಕನ್ನೇ ತಿರುಗಿಸಿದರು. ಸಿ.ಡಿ.ಎನ್. ಅವರ ಶಿಷ್ಯರಾದ ಅನಂತಮೂರ್ತಿ ಇಂಗ್ಲಿಷ್ ಮೇಷ್ಟರಾಗಿದ್ದೂ ಕನ್ನಡದಲ್ಲಿ 'ಸಂಸ್ಕಾರ' ಬರೆದರು. ಅದೇ ಮೈಸೂರಿನಲ್ಲಿ ಹುಟ್ಟಿದ ಎ. ಕೆ. ರಾಮಾನುಜನ್ ಶಿಕಾಗೋದಲ್ಲಿ ಕುಳಿತು ವಚನಗಳನ್ನು 1973ರಲ್ಲಿ, 'ಸಂಸ್ಕಾರ'ವನ್ನು 1976ರಲ್ಲಿ ಅಮೆರಿಕಕ್ಕೆ ಕೊಟ್ಟರು. ಇವರೆಲ್ಲರ ಓಡಾಟ ಕನ್ನಡದ ಮನೆಗೆ ಬರುವ ಅಥವಾ ಅಲ್ಲಿಂದ ಹೊರಡುವ ದಾರಿಯಲ್ಲಿ. ಸಿ.ಡಿ.ಎನ್. ಅವರ ದೊಡ್ಡ ಕೆಲಸವೆಲ್ಲ ಇಂಗ್ಲಿಷಿನಲ್ಲೇ ಉಳಿಯಿತು. ಎಮರ್ಸನ್‌ನಿಂದ ಅವರು ಕಲಿತ ಪಾಠ ಪರರ ಗುಣಗಾನ ಸಾಕು, ನಿನ್ನ ನುಡಿಯಲ್ಲಿ ನೀನು ಮಾತಾಡು ಎಂಬುದಾದರೆ, ಅದರ ಸಹಜ ಫಲ ಕನ್ನಡದಲ್ಲಿ ಕಾಣಬೇಕಿತ್ತಲ್ಲವೆ? ಅಮೆರಿಕದವನಿಗೆ ಇಂಗ್ಲಿಷ್ ಬಿಟ್ಟರೆ ಬೇರೆ ಗತಿ ಇರಲಿಲ್ಲ. ನಮಗೆ ಪಂಪನಿಂದ ಬಂದ ಭಾಷೆ ಇತ್ತು. ಅಮೆರಿಕದ ದಾರಿ ನಮಗೆ ಅರ್ಧ ಮಾತ್ರ ಹೊಂದುತ್ತದೆ ಎಂಬ ಮಾತನ್ನು ಅವರು ಇನ್ನಷ್ಟು ಗಟ್ಟಿಯಾಗಿ ಹೇಳಬಹುದಿತ್ತು. ನ್ಯಾಯವಾಗಿ ಇದನ್ನೂ ಹೇಳಬೇಕು: ತಮ್ಮ ಸಂಸ್ಥೆಗೆ ಅವರು ಇಂಗ್ಲಿಷ್ ಹೆಸರಿಡಲಿಲ್ಲ. ಒಂಬತ್ತನೇ ಶತಮಾನದ ಕಾಶ್ಮೀರದ ಆನಂದವರ್ಧನನ ಗ್ರಂಥದ ಹೆಸರಿಟ್ಟರು. ರಸ, ಧ್ವನಿಗಳು ಇವತ್ತಿನ ಕೃತಿಯನ್ನು ಓದಲೂ ಬರುತ್ತವೆ ಎಂದು ಪಟ್ಟು ಹಿಡಿದರು.

ಎರಡನೆಯದು ಇನ್ನೂ ಗಡುಸಾದದ್ದು, ಮತ್ತು ಅದು ಆ ರಸ, ಧ್ವನಿಗಳಿಗೇ ಸಂಬಂಧಪಟ್ಟದ್ದು. ಅಮೆರಿಕನ್ ಸಾಹಿತ್ಯದಲ್ಲಿ ಭಾರತವನ್ನು ಹುಡುಕಿದರೆ ಎಮರ್ಸನ್‌ನ 1857ರ 'ಬ್ರಹ್ಮ' ಸಿಗುತ್ತದೆ, ಥೋರೋನ ಗೀತೆ ಸಿಗುತ್ತದೆ, 1922ರ 'ದಿ ವೇಸ್ಟ್ ಲ್ಯಾಂಡ್'ನ ಕೊನೆಯಲ್ಲಿ ಉಪನಿಷತ್ತು ಸಿಗುತ್ತದೆ. ನಮಗೆ ಹೆಮ್ಮೆಯೋ ಹೆಮ್ಮೆ. ಆದರೆ ಈ ದೇಶದ ಸಾಹಿತ್ಯದ ಎದೆಯೊಳಗಿನ ಮುಳ್ಳು ಬೇರೆ. ಅದು ಗುಲಾಮಗಿರಿ. ಹಕ್ ಫಿನ್ ತನ್ನ ಜೊತೆಗಾರ ಜಿಮ್‌ನನ್ನು ಅವನ ಒಡತಿಗೆ ಹಿಡಿದುಕೊಟ್ಟರೆ ಪುಣ್ಯ, ಬಿಟ್ಟರೆ ನರಕ ಎಂದು ಅವನ ಊರು ಕಲಿಸಿತ್ತು. ನರಕವೇ ಆಗಲಿ ಎಂದು ಹುಡುಗ ತೀರ್ಮಾನಿಸುತ್ತಾನೆ. ಊರು ಧರ್ಮ ಅಂತ ಹೇಳಿಕೊಟ್ಟದ್ದೇ ಅಧರ್ಮವಾದಾಗ ಮನುಷ್ಯ ಏನು ಮಾಡಬೇಕು? ಈ ಪ್ರಶ್ನೆಗೆ ನಮ್ಮ ಉತ್ತರ ವೇದಾಂತದಲ್ಲಿಲ್ಲ, ನಮ್ಮ ಹಳ್ಳಿಯ ಕೇರಿಯಲ್ಲಿದೆ. ನಾರಣಪ್ಪನ ಹೆಣವನ್ನು ನಡುವೆ ಇಟ್ಟುಕೊಂಡು ಕೂತ ಅಗ್ರಹಾರದಲ್ಲಿದೆ.

ಇಸವಿಗಳನ್ನು ಪಕ್ಕಪಕ್ಕ ಇಟ್ಟು ನೋಡಿದರೆ ಸೋಜಿಗವಾಗುತ್ತದೆ. ಮೈಸೂರಿನಲ್ಲಿ 'ಲಿಟರರಿ ಕ್ರೈಟೀರಿಯನ್' ಶುರುವಾದ 1952ರಲ್ಲೇ ಇಲ್ಲಿ ರಾಲ್ಫ್ ಎಲಿಸನ್‌ನ 'ಇನ್ವಿಸಿಬಲ್ ಮ್ಯಾನ್' ಬಂತು. 'ಏಷ್ಯನ್ ರೆಸ್ಪಾನ್ಸ್' ಪುಸ್ತಕ ಬಂದ 1972ರಲ್ಲೇ ಬೊಂಬಾಯಿಯ ಕೆಲವು ಯುವ ಲೇಖಕರು ಅಮೆರಿಕದ ಬ್ಲಾಕ್ ಪ್ಯಾಂಥರ್‌ಗಳ ಹೆಸರನ್ನು ತೆಗೆದುಕೊಂಡು ದಲಿತ ಪ್ಯಾಂಥರ್ಸ್ ಕಟ್ಟಿದರು. ಮರುವರ್ಷ ನವೆಂಬರಿನಲ್ಲಿ ಮೈಸೂರಿನಲ್ಲೇ ಬಿ. ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಬೂಸಾ ಇದೆ ಎಂದು ರಾಜ್ಯವೇ ಅಲ್ಲಾಡಿತು. ಅದೇ 1973ರಲ್ಲಿ ದೇವನೂರ ಮಹಾದೇವರ 'ದ್ಯಾವನೂರು', 1975ರಲ್ಲಿ ಸಿದ್ಧಲಿಂಗಯ್ಯನವರ 'ಹೊಲೆಮಾದಿಗರ ಹಾಡು' ಬಂದವು. ಭಾರತ ಅಮೆರಿಕಕ್ಕೆ ಕೊಟ್ಟ ಅತ್ಯಂತ ಬಿಸಿಯಾದ ಪ್ರತಿಸ್ಪಂದನ ಇದೇ ಆಗಿತ್ತು. ಅದು ಇಂಗ್ಲಿಷ್ ವಿಭಾಗದ ಬಾಗಿಲಿನಿಂದ ಬರಲಿಲ್ಲ, ಬೀದಿಯಿಂದ ಬಂತು. ಸಿ.ಡಿ.ಎನ್. ಅವರ ವಿಮರ್ಶೆಯ ಒಲವು ಸಂಸ್ಕೃತ ಕಾವ್ಯಮೀಮಾಂಸೆಯ ಕಡೆಗಿತ್ತು, ರಾಜಾರಾವ್ ಅವರ ವೇದಾಂತದ ಕಡೆಗಿತ್ತು. 'ಭಾರತೀಯತೆ' ಎಂಬ ತಕ್ಕಡಿಯಲ್ಲಿ ತೂಗುವಾಗ ಆ ತಕ್ಕಡಿಯನ್ನು ಮಾಡಿದವರು ಯಾರು ಎಂದು ಕೇಳುವ ಧ್ವನಿಗೆ ಅದರಲ್ಲಿ ಜಾಗ ಚಿಕ್ಕದಾಯಿತು. ಆದರೆ ಒಂದು ಮಾತು. ನೀನು ನಿಂತ ನೆಲದಿಂದ ಓದು ಎಂದು ಅವರೇ ಹೇಳಿಕೊಟ್ಟಿದ್ದರಿಂದ ಈ ಪ್ರಶ್ನೆ ಕೇಳುವ ಹಕ್ಕೂ ನಮಗೆ ಅವರಿಂದಲೇ ಬಂತು. ನೆಲ ಎಲ್ಲರಿಗೂ ಒಂದೇ ಮಟ್ಟದಲ್ಲಿಲ್ಲ, ಅಷ್ಟೇ.

ಇನ್ನೊಂದು ಆಕ್ಷೇಪವನ್ನು ಕೆಲವರು ಎತ್ತುತ್ತಾರೆ: ಇದೆಲ್ಲ ಶೀತಲ ಸಮರದ ಕಾಲದ ಅಮೆರಿಕದ ದುಡ್ಡಿನ ಆಟ ಅಂತ. ಅದರಲ್ಲಿ ಸತ್ಯಾಂಶವಿದೆ. ಫುಲ್‌ಬ್ರೈಟ್ ಒಪ್ಪಂದ 1950ರದು. ಹೈದರಾಬಾದಿನ ಅಮೆರಿಕನ್ ಸ್ಟಡೀಸ್ ರಿಸರ್ಚ್ ಸೆಂಟರ್ 1964ರದು. 1967ರ ಪುಸ್ತಕವನ್ನು ಪ್ರಕಟಿಸಿದ್ದೂ ಫುಲ್‌ಬ್ರೈಟ್ ನೋಡಿಕೊಳ್ಳುತ್ತಿದ್ದ ಸಂಸ್ಥೆಯೇ. ಆದರೆ ಅಮೆರಿಕದ ಸಂಬಳದಲ್ಲಿ ಮನೆ ಕಟ್ಟಿದ ನಾವು ಈ ಕಲ್ಲನ್ನು ಎಸೆಯುವ ಮೊದಲು ನಮ್ಮ ಗಾಜಿನ ಕಿಟಕಿ ನೋಡಿಕೊಳ್ಳುವುದು ಒಳ್ಳೆಯದು. ದುಡ್ಡು ಯಾರದು ಅನ್ನುವಷ್ಟೇ ಮುಖ್ಯ, ಅದರಿಂದ ಏನು ಬೆಳೆಯಿತು ಅನ್ನುವುದು. ಸಿ.ಡಿ.ಎನ್. ಅದರಿಂದ ಬೆಳೆದದ್ದು ಅಮೆರಿಕದ ಭಕ್ತಿಯನ್ನಲ್ಲ. ಬ್ರಿಟಿಷ್ ಸಿಲೆಬಸ್ಸಿನಿಂದ ಬಿಡುಗಡೆಯನ್ನು, ಅಲ್ಲಿಂದ ಕಾಮನ್‌ವೆಲ್ತ್ ದೇಶಗಳ ಸಾಹಿತ್ಯವನ್ನು, ಕೊನೆಗೆ ಆನಂದವರ್ಧನನನ್ನು.

ನಮ್ಮ ವಿಷಯಕ್ಕೆ ಬರೋಣ. ಸಿ.ಡಿ.ಎನ್. ಮೈಸೂರಿನಲ್ಲಿ ಕುಳಿತು ಅಮೆರಿಕವನ್ನು ಓದಿದರು. ನಾವು ಅಮೆರಿಕದಲ್ಲಿ ಕುಳಿತು ಮೈಸೂರನ್ನು ಮಾತ್ರ ಓದುತ್ತಿದ್ದೇವೆ. ಅವರಿಗೆ ಇದ್ದದ್ದು ಹಡಗಿನಲ್ಲಿ ಬಂದ ಪುಸ್ತಕ. ನಮಗೆ ಮನೆಯಲ್ಲೇ ಪುಸ್ತಕ, ಓದುವ ಮಗಳು, ಕಾರು ಹತ್ತಿದರೆ ಮುಕ್ಕಾಲು ಗಂಟೆಯಲ್ಲಿ ರಾಜಾರಾವ್ ಪಾಠ ಹೇಳಿದ ಕ್ಯಾಂಪಸ್ಸು. ಆದರೂ ನಾವು ಪ್ರತಿಸ್ಪಂದಿಸಿಲ್ಲ. ಇಲ್ಲಿನ ಸಾಹಿತ್ಯ ಮಕ್ಕಳದು, ಕನ್ನಡ ನಮ್ಮದು ಅಂತ ಪಾಲು ಮಾಡಿಕೊಂಡರೆ, ಇನ್ನು ಹತ್ತು ಹದಿನೈದು ವರ್ಷಕ್ಕೆ ನಮ್ಮ ಗೋಷ್ಠಿಯಲ್ಲಿ ಉಳಿಯುವುದು ಹಣ್ಣಾದ ತಲೆಗಳು ಮಾತ್ರ. ಮಕ್ಕಳಿಗೆ ಕನ್ನಡ ಓದಲು ಬರುವುದಿಲ್ಲ ಅಂತ ನಾವು ದೂರುತ್ತೇವೆ. ಅವರು ಓದುವುದನ್ನು ನಾವು ಓದುವುದಿಲ್ಲ ಅಂತ ಅವರೂ ದೂರಬಹುದು, ಅವರು ಒಳ್ಳೆಯ ಮಕ್ಕಳು, ದೂರುವುದಿಲ್ಲ.

ಆದ್ದರಿಂದ ಒಂದು ಸಣ್ಣ ಸೂಚನೆ. ಮುಂದಿನ ಕೂಟಕ್ಕೆ ಎರಡು ಭಾಷಣಗಳನ್ನು ಒಟ್ಟಿಗೆ ಓದಿಕೊಂಡು ಬರೋಣ. ಒಂದು ಎಮರ್ಸನ್‌ನ 1837ರ 'ಅಮೆರಿಕನ್ ಸ್ಕಾಲರ್'. ಇನ್ನೊಂದು ಬಿ.ಎಂ.ಶ್ರೀ. ಅವರು 1911ರಲ್ಲಿ ಧಾರವಾಡದಲ್ಲಿ ಮಾಡಿದ 'ಕನ್ನಡ ಮಾತು ತಲೆಯೆತ್ತುವ ಬಗೆ'. ಮೊದಲನೆಯದನ್ನು ಮಕ್ಕಳು ನಮಗೆ ವಿವರಿಸಲಿ, ಎರಡನೆಯದನ್ನು ನಾವು ಅವರಿಗೆ ವಿವರಿಸೋಣ. ತಲೆಯೆತ್ತುವ ಬಗೆ ಎರಡೂ ಕಡೆ ಒಂದೇನಾ, ಬೇರೆಯಾ, ಅಂತ ಜಗಳವಾದರೆ ಇನ್ನೂ ಒಳ್ಳೆಯದು. ಕಾಫಿ, ಚಕ್ಕುಲಿ ನಮ್ಮ ಕಡೆಯಿಂದ.

ಅಂದ ಹಾಗೆ, 'ವಾಲ್ಡನ್' ಈಗ ನಾವು ಓದುತ್ತಿದ್ದೇವೆ. ಅರ್ಧಕ್ಕೆ ಬಂದಿದ್ದೇವೆ. ಗೀತೆಯ ಪುಸ್ತಕವನ್ನೂ ಅಟ್ಟದಿಂದ ಇಳಿಸಿ ಧೂಳು ಒರೆಸಿ ಮೇಜಿನ ಮೇಲೆ ಇಟ್ಟಾಗಿದೆ. ಮಗಳು ನೋಡಿ ನಕ್ಕಳು, ಏನೂ ಹೇಳಲಿಲ್ಲ.

ನಿಮಗೇನನ್ನಿಸುತ್ತದೆ, ಬರೆದು ತಿಳಿಸಿ. ಒಪ್ಪದಿದ್ದರೆ ಖಂಡಿತ ಬರೆಯಿರಿ.